ಅಪ್‌ಡೇಟ್: ಕೀಟೊ ಆಹಾರಕ್ರಮ ಮತ್ತು ಅಮ್ಮನ ಬೆಳಗಿನ ಸಕ್ಕರೆ

ಟೈಪ್ 2 ಮಧುಮೇಹವಿರುವ ಅಮ್ಮ ಅನ್ನ, ಮುದ್ದೆ ಬಿಟ್ಟು, ಕಾರ್ಬೋಹೈಡ್ರೇಟ್ ತೀರಾ ಕಡಿಮೆ, ಕೊಬ್ಬು ಹೆಚ್ಚಿರುವ ಕೀಟೊ ಆಹಾರಕ್ರಮಕ್ಕೆ ಬಂದ ಮೇಲೆ ಊಟದ ನಂತರದ ಸಕ್ಕರೆ ಚೆನ್ನಾಗಿ ಇಳಿದರೂ, ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಏಕೆ ಅಷ್ಟಾಗಿ ಇಳಿಯುತ್ತಿಲ್ಲ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮಧುಮೇಹ ತಜ್ಞರನ್ನು ಕಂಡ ಮೇಲೆ ವಿಷಯ ಸ್ಪಷ್ಟವಾಗಿದೆ.

ದಿನದ ಕಾರ್ಬೋಹೈಡ್ರೇಟ್ 50 ಗ್ರಾಂಗಿಂತ ಕೆಳಗಿಳಿದಾಗ ಇನ್ಸುಲಿನ್ ಮಟ್ಟ ತಗ್ಗುತ್ತದೆ. ಆಗ ಶೇಖರವಾಗಿದ್ದ ಕೊಬ್ಬು ಕೊಬ್ಬಿನಾಮ್ಲಗಳಾಗಿ ಒಡೆದು ರಕ್ತಕ್ಕೆ ಬರುತ್ತದೆ, ಯಕೃತ್ತು ಅವುಗಳಲ್ಲಿ ಒಂದು ಪಾಲನ್ನು ಗ್ಲೂಕೋಸ್ ಬದಲಿಗೆ ಇಂಧನವಾಗುವ ಕೀಟೋನ್‌ಗಳಾಗಿಸಿ ಮಿದುಳಿಗೂ ಸ್ನಾಯುಗಳಿಗೂ ಒದಗಿಸುತ್ತದೆ. ಆದರೆ ಕೆಂಪು ರಕ್ತಕಣಗಳಿಗೆ ಗ್ಲೂಕೋಸ್ ಬೇಕೇ ಬೇಕು. ಅದಕ್ಕಾಗಿ ಯಕೃತ್ತು ಅಮೈನೋ ಆಮ್ಲ, ಗ್ಲಿಸರಾಲ್ ಮುಂತಾದವುಗಳಿಂದ ರಾತ್ರಿಯಿಡೀ ಗ್ಲೂಕೋಸ್ ತಯಾರಿಸುತ್ತದೆ. ಮಧುಮೇಹಿಗಳಲ್ಲಿ ಈ ಉತ್ಪಾದನೆಯ ಮೇಲಿನ ಹಿಡಿತ ಸಡಿಲವಾಗಿರುವುದರಿಂದಲೂ, ಮುಂಜಾವಿನಲ್ಲಿ ಕಾರ್ಟಿಸಾಲ್‌ನಂತಹ ಹಾರ್ಮೋನುಗಳು ಏರುವುದರಿಂದಲೂ ಬೆಳಗಿನ ಅಂಕಿ ಮೇಲೆಯೇ ಉಳಿಯಬಹುದು. ಆದ್ದರಿಂದ ಒಟ್ಟು ಸುಧಾರಣೆಯನ್ನು, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಿಂದ ಅಳೆಯುವುದು ಸರಿ.

ಎಲ್ಲಕ್ಕಿಂತ ಮುಖ್ಯವೆಂದು ನನಗೆ ಅನಿಸಿದ್ದು ಮಾತ್ರೆಗಳ ವಿಷಯ, ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕಾರ್ಬೋಹೈಡ್ರೇಟ್ ಕಡಿಮೆ ಮಾಡಿ, ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಅನ್ನು ಹಿಂದಿನಷ್ಟೇ ಮುಂದುವರಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು; ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳಿದ್ದರೆ, ಸಕ್ಕರೆ ಹೆಚ್ಚಾಗಿ ಏರದಿದ್ದರೂ ಕೀಟೋನ್‌ಗಳು ಮಿತಿಮೀರಿ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಎಂಬ ಪ್ರಾಣಾಪಾಯದ ಸ್ಥಿತಿ ಉಂಟಾಗಬಹುದು. ಅಮ್ಮನ ಗ್ಲಿಮೆಪಿರೈಡ್ ಪ್ರಮಾಣವನ್ನು ವೈದ್ಯರು ತಗ್ಗಿಸಿದ್ದಾರೆ. ಕೆಲವರಲ್ಲಿ ಈ ಆಹಾರದಿಂದ ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇಳಿದರೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರುವುದುಂಟು. ಹಾಗಾಗಿ ಮುಂದಿನ ಭೇಟಿಯಲ್ಲಿ ಎಚ್‌ಬಿಎ1ಸಿ ಜೊತೆಗೆ ಕೊಲೆಸ್ಟ್ರಾಲ್ ಪರೀಕ್ಷೆಯನ್ನೂ ಮಾಡಿಸುತ್ತೇವೆ.