ಹಳೆಯ ಲಯನೆಲ್ ಆಟಿಕೆ ರೈಲು: ಇಂಜಿನ್ ಗುಂಯ್ ಅನ್ನುತ್ತದೆ, ಓಡುವುದಿಲ್ಲ

ಬದಿಯಡ್ಕದವ:
ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪ ಅಮೆರಿಕದಿಂದ ತಂದಿದ್ದ 1950ರ ದಶಕದ ಲಯನೆಲ್ ರೈಲು ನಮ್ಮ ಅಟ್ಟದಲ್ಲಿ ಸಿಕ್ಕಿತು. ಓ ಗೇಜ್ (ಹಳಿಯ ಅಗಲದ ಒಂದು ಅಳತೆ), ಮೂರು ಹಳಿಯದು. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಒಳಗಿನ ವಯರಿನ ರಬ್ಬರ್ ಮುಟ್ಟಿದರೆ ಪುಡಿಯಾಗಿ ಉದುರುತ್ತದೆ. ಜೊತೆಗಿದ್ದ ಟ್ರಾನ್ಸ್‌ಫಾರ್ಮರ್ ಮೇಲೆ 115 ವೋಲ್ಟ್, 60 ಸೈಕಲ್ ಅಂತ ಇದೆ, ಹಾಗಾಗಿ ಪ್ಲಗ್‌ಗೆ ಹಾಕಲಿಲ್ಲ. ಇಲ್ಲಿಯದೇ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತಂದು ಎರಡು ಸೆಕೆಂಡು ಕೊಟ್ಟು ನೋಡಿದೆ. ಗುಂಯ್ ಅಂದಿತು, ಚಕ್ರ ಅಲುಗಲಿಲ್ಲ. ಮೋಟರ್ ರಿವೈಂಡ್ ಮಾಡಿಸಬೇಕಾ? ದೊಡ್ಡಪ್ಪ ದೀಪಾವಳಿಗೆ ಬರುತ್ತಾರೆ, ಅವರ ಮುಂದೆ ಓಡಿಸಬೇಕು ಅಂತ ತುಂಬಾ ಆಸೆ.

ಪೆರ್ಲ ಪಂಪ್ ರಿಪೇರಿ:
ಪ್ಲಗ್‌ಗೆ ಹಾಕದೇ ಇದ್ದದ್ದು ಒಳ್ಳೆಯದಾಯಿತು, ನಮ್ಮ 230 ವೋಲ್ಟಿಗೆ ಅದು ಸುಟ್ಟೇ ಹೋಗುತ್ತಿತ್ತು. ಈಗ ಕರೆಂಟ್ ಕೊಡುವುದನ್ನು ನಿಲ್ಲಿಸಿ. ನಡುವಿನ ಹಳಿಯಿಂದ ಇಂಜಿನ್ ಅಡಿಯ ರೋಲರ್ ಮೂಲಕ ಕರೆಂಟ್ ಒಳಗೆ ಬಂದು, ಬಾಡಿ ಮತ್ತು ಚಕ್ರದ ಮೂಲಕ ಹೊರಗಿನ ಹಳಿಗೆ ವಾಪಸ್ ಹೋಗುತ್ತದೆ. ಅಂದರೆ ಬಾಡಿಯೇ ಒಂದು ವಯರ್. ರಬ್ಬರ್ ಉದುರಿದ ವಯರ್ ಅದಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಹಾಗಾಗಿ ಎಲ್ಲಾ ವಯರ್ ಬದಲಿಸಿ, ಆದರೆ ಒಂದೊಂದಾಗಿ, ಬಿಚ್ಚುವ ಮೊದಲು ಫೋಟೋ ತೆಗೆದು. ತೆಳು ಎಳೆಗಳ ಮೆತ್ತನೆಯ ವಯರ್ ತೆಗೆದುಕೊಳ್ಳಿ, ದಪ್ಪದ್ದು ಹಾಕಿದರೆ ರೋಲರ್ ತಿರುವಿನಲ್ಲಿ ಸರಿಯಾಗಿ ಆಡುವುದಿಲ್ಲ. ಬೆಸುಗೆಗೆ ಹಚ್ಚುವ ಫ್ಲಕ್ಸ್ ಆಸಿಡ್ ಇರುವುದು ಬೇಡವೇ ಬೇಡ, ನಮ್ಮ ಹವೆಯಲ್ಲಿ ಬೆಸುಗೆ ಹಸಿರುಗಟ್ಟುತ್ತದೆ.

ರಿವೈಂಡ್ ಮಾತು ಆಮೇಲೆ. ಕಾಮ್ಯುಟೇಟರ್ (ಮೋಟರಿನ ತಿರುಗುವ ಭಾಗದ ಮೇಲಿನ ತಾಮ್ರದ ತುಂಡುಗಳು) ಕಪ್ಪಾಗಿದ್ದರೆ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಒರೆಸಿ, ಸಂದಿನ ಕೊಳೆಯನ್ನು ತೆಂಗಿನ ಕಡ್ಡಿಯಲ್ಲಿ ತೆಗೆಯಿರಿ. ಅದಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆದಿದೆಯಾ, ಸ್ಪ್ರಿಂಗ್ ಅದನ್ನು ಒತ್ತುತ್ತಿದೆಯಾ ನೋಡಿ. ಮನೆಯಲ್ಲಿ ಇದೆ ಅಂತ ತೆಂಗಿನೆಣ್ಣೆ ಬಿಡಬೇಡಿ, ಅಂಟಾಗಿ ಎಲ್ಲಾ ಹಿಡಿದುಕೊಳ್ಳುತ್ತದೆ. ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ ಸಾಕು.

ಉಪ್ಪಳದ ಅಕ್ಕ:
ತಮ್ಮಾ, ಗುಂಯ್ ಶಬ್ದ ಮೋಟರಿನದ್ದೇ ಅಂತ ಯಾಕೆ ಅಂದುಕೊಂಡಿರಿ? ಇದು ಎಸಿ ಮೋಟರ್. ಹಳಿಯ ಎರಡು ವಯರ್ ಅದಲು ಬದಲು ಮಾಡಿದರೂ ಒಂದೇ ಕಡೆಗೆ ಓಡುತ್ತದೆ, ಯಾಕೆಂದರೆ ಫೀಲ್ಡ್ (ನಿಂತಿರುವ ಸುರುಳಿ) ಮತ್ತು ಆರ್ಮೇಚರ್ (ತಿರುಗುವ ಸುರುಳಿ) ಎರಡರಲ್ಲೂ ಕರೆಂಟಿನ ದಿಕ್ಕು ಒಟ್ಟಿಗೇ ಬದಲಾಗಿಬಿಡುತ್ತದೆ. ಅದಕ್ಕೇ ದಿಕ್ಕು ಬದಲಿಸಲು ಇ-ಯೂನಿಟ್ ಅಂತ ಒಂದು ಸ್ವಿಚ್ ಇಟ್ಟಿದ್ದಾರೆ. ಕರೆಂಟ್ ತೆಗೆದು ಕೊಟ್ಟಾಗಲೆಲ್ಲಾ ಅದರ ಚಿಕ್ಕ ಡ್ರಮ್ ಒಂದು ಹೆಜ್ಜೆ ತಿರುಗುತ್ತದೆ. ಮುಂದೆ, ನಿಲುಗಡೆ, ಹಿಂದೆ, ಮತ್ತೆ ನಿಲುಗಡೆ. ಆ ಇ-ಯೂನಿಟ್ಟಿನ ಕಾಯಿಲ್ ಗುಂಯ್ ಅನ್ನುವುದು ಸಹಜ. ನೀವು ಕೊಟ್ಟದ್ದು ನಿಲುಗಡೆಯ ಹೆಜ್ಜೆಯಲ್ಲೇ ಇರಬಹುದು. ವಯರ್ ಬದಲಿಸಿದ ಮೇಲೆ ಮೂರು ನಾಲ್ಕು ಸಲ ತೆಗೆದು ಕೊಟ್ಟು ನೋಡಿ. ಡ್ರಮ್‌ಗೆ ತಾಗಿಕೊಂಡಿರುವ ತಾಮ್ರದ ಬೆರಳುಗಳನ್ನು (ಕರೆಂಟ್ ಮುಟ್ಟಿಸುವ ತೆಳು ಪಟ್ಟಿಗಳು) ಮಾತ್ರ ಬಗ್ಗಿಸಬೇಡಿ, ಬೇಗ ಮುರಿಯುತ್ತವೆ.

ಬದಿಯಡ್ಕದವ:
ಅಕ್ಕಾ, ಓಡಿತು! ವಯರ್ ಹಾಕಲು ಎರಡು ಭಾನುವಾರ ಹಿಡಿಯಿತು. ಡ್ರಮ್ ಹಳೆಯ ಗ್ರೀಸಿನಲ್ಲಿ ಅಂಟಿಕೊಂಡಿತ್ತು, ಸ್ಪಿರಿಟ್ ಬಿಟ್ಟು ಒರೆಸಿದ ಮೇಲೆ ಎರಡನೇ ಸಲಕ್ಕೆ ಚಕ್ರ ತಿರುಗಿತು. ಹಿಂದಕ್ಕೆ ಹೋಗುವಾಗ ಮಾತ್ರ ತಡೆದು ತಡೆದು ಓಡುತ್ತದೆ.

ಪೆರ್ಲ ಪಂಪ್ ರಿಪೇರಿ:
ಹಾಗಾದರೆ ಒಂದು ಬೆರಳು ಡ್ರಮ್‌ಗೆ ಸರಿಯಾಗಿ ತಾಗುತ್ತಿಲ್ಲ ಅನಿಸುತ್ತದೆ. ಹತ್ತಿರದ ಫೋಟೋ ಒಂದು ಹಾಕಿ, ನೋಡೋಣ.