ಮಬ್ಬಿನಾಚೆ ನೋಡುವ ಕೆರ್ ಗೇಟ್: ಗೇಟಿನೊಳಗೆ ದ್ರವ ಬಿಟ್ಟು ಗಾಜು ಯಾಕೆ?

ಎಂಎಸ್ಸಿ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ:
ಸೆಮಿನಾರ್‌ಗೆ ಆಪ್ಟಿಕಲ್ ಕೆರ್ ಗೇಟ್ ತೆಗೆದುಕೊಂಡಿದ್ದೇನೆ, ಅಂದರೆ ಲೇಸರ್ ಬೆಳಕಿನಿಂದಲೇ ಕ್ಷಣಮಾತ್ರ ತೆರೆದು ಮುಚ್ಚುವ, ಬೆಳಕಿನ ಬಾಗಿಲು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಸಲ್ಫೈಡ್ ದ್ರವ ಬಳಸಿ ಮಾಡಿದ್ದರು. ಈಗಿನ ಪೇಪರ್‌ಗಳಲ್ಲಿ ಟೆಲ್ಲುರೈಟ್ (ಟೆಲ್ಲುರಿಯಂ ಸೇರಿದ), ಬಿಸ್ಮತ್ ಗಾಜು ಅಂತಾರೆ. ಗಾಜಿನಿಂದ ಏನು ಲಾಭ? ಇದರಿಂದ ನಂದಿ ಬೆಟ್ಟದ ಮಂಜಿನಾಚೆ ನೋಡೋಕಾಗುತ್ತಾ?

ಫಿಸಿಕ್ಸ್ ಮೇಷ್ಟ್ರು, ತುಮಕೂರು:
ಮೊದಲು ಗೇಟ್ ಹೇಗೆ ಅಂತ ಸರಿಯಾಗಿ ಹಿಡಿದುಕೊಳ್ಳಮ್ಮ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸರ್ ಎರಡು, ಒಂದಕ್ಕೊಂದು ಅಡ್ಡ. ಸುಮ್ನೆ ಇದ್ದರೆ ಕತ್ತಲೆ. ನಡುವಿನ ಗಾಜಿಗೆ ಜೋರಾದ ಪಂಪ್ ಪಲ್ಸ್ (ಬಾಗಿಲು ತೆರೆಸುವ ಲೇಸರ್ ಮಿಂಚು) ಬಿದ್ದಾಗ, ಅದರೊಳಗೆ ಸಾಗುವ ಚಿತ್ರದ ಬೆಳಕಿನ ಪೋಲರೈಸೇಶನ್ (ಕಂಪನದ ದಿಕ್ಕು) ಬದಲಾಗಿ, ಇದೇ ಕೆರ್ ಪರಿಣಾಮ, ಅಷ್ಟು ಹೊತ್ತು ಮಾತ್ರ ಬಾಗಿಲು ತೆರೆಯುತ್ತದೆ. ಪಂಪ್‌ನ ಪೋಲರೈಸೇಶನ್ ಚಿತ್ರದ ಬೆಳಕಿನದಕ್ಕೆ 45 ಡಿಗ್ರಿ ಓರೆ ಇರಬೇಕು, ಇದನ್ನು ಕೇಳೇ ಕೇಳುತ್ತಾರೆ. ಮಬ್ಬಿನಲ್ಲಿ ಚೆದುರದೆ ನೇರ ಬಂದ ಫೋಟಾನ್ (ಬೆಳಕಿನ ಕಣ) ಮೊದಲು ಮುಟ್ಟುತ್ತದೆ, ಚೆದುರಿದ್ದು ಸುತ್ತಿ ಬರುವುದರಿಂದ ತಡ; ಮೊದಲಿನದನ್ನು ಒಳಗೆ ಬಿಟ್ಟು ತಡವಾದದ್ದು ಬರುವ ಮುಂಚೆ ಗೇಟ್ ಮುಚ್ಚಬೇಕು. 1 ಪಿಕೋಸೆಕೆಂಡಿಗೆ (ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಬೆಳಕು ಗಾಳಿಯಲ್ಲಿ ಬರೀ 0.3 ಮಿಲಿಮೀಟರ್ ಹೋಗುತ್ತದೆ. ಕಾರ್ಬನ್ ಡೈಸಲ್ಫೈಡ್ ದ್ರವದಲ್ಲಿ ಅಣುಗಳೇ ತಿರುಗಿ ಸಾಲಾಗಿ ಮತ್ತೆ ಮೊದಲಿನಂತಾಗಬೇಕು, ಅದಕ್ಕೆ ಸುಮಾರು 2 ಪಿಕೋಸೆಕೆಂಡ್ ಬೇಕು. ಗಾಜಿನಲ್ಲಿ ಕೆಲಸ ಹೆಚ್ಚಾಗಿ ಎಲೆಕ್ಟ್ರಾನ್‌ಗಳದ್ದು, ಫೆಮ್ಟೋಸೆಕೆಂಡ್‌ಗಳಲ್ಲಿ (ಪಿಕೋಸೆಕೆಂಡಿನ ಸಾವಿರದಲ್ಲಿ ಒಂದು ಪಾಲು) ಮುಗಿಯುತ್ತದೆ. ಬೇಗ ಮುಚ್ಚಿದಷ್ಟೂ ಚಿತ್ರ ಸ್ಪಷ್ಟ.

ಕೋಲಾರದಿಂದ:
ಸರ್ ಹೇಳಿದ್ದು ಸರಿ, ಆದರೆ ಎಲ್ಲಾ ಗಾಜೂ ಆಗಲ್ಲ. ಫ್ಯೂಸ್ಡ್ ಸಿಲಿಕಾ (ಶುದ್ಧ ಸಿಲಿಕಾ ಗಾಜು) ಬಹಳ ವೇಗ, ಆದರೆ ಅದರ ಕೆರ್ ಪರಿಣಾಮ ಆ ದ್ರವದ ಸುಮಾರು ನೂರರಲ್ಲಿ ಒಂದು ಪಾಲು. ಅದಕ್ಕೇ ಪರಿಣಾಮ ಹೆಚ್ಚಿಸಲು ಟೆಲ್ಲುರಿಯಂ, ಬಿಸ್ಮತ್, ಸೀಸದಂಥ ಭಾರದ ಧಾತು ಸೇರಿಸುತ್ತಾರೆ. ಗಾಜು ದಪ್ಪ ಮಾಡಿದರೆ ಸಿಗ್ನಲ್ ಜಾಸ್ತಿ ಸಿಗುತ್ತದೆ ನಿಜ, ಆದರೆ ಪಂಪ್ ಒಂದು ಬಣ್ಣ, ಚಿತ್ರ ಹೊತ್ತು ತರುವ ಬೆಳಕು ಇನ್ನೊಂದು ಬಣ್ಣ ಆದರೆ ಎರಡೂ ಒಳಗೆ ಬೇರೆ ಬೇರೆ ವೇಗದಲ್ಲಿ ಓಡಿ ಗೇಟ್ ತೆರೆದಿರುವ ಹೊತ್ತು ಹಿಗ್ಗುತ್ತದೆ. ವೇಗಕ್ಕೆಂದು ತಂದ ಗಾಜು ವೇಗವನ್ನೇ ಕಳೆದುಕೊಂಡರೆ ಏನು ಬಂತು? ನನ್ನ ಪ್ರಕಾರ ನಿಮ್ಮ ಸೆಮಿನಾರ್‌ನ ತಿರುಳು ಇದೇ ಆಗಬೇಕು. ಸುರಕ್ಷತೆನೂ ಬರೆಯಿರಿ. ಆ ದ್ರವ 46 ಡಿಗ್ರಿಗೆ ಕುದಿಯುತ್ತದೆ, ಬೆಂಕಿ ಬೇಗ ಹಿಡಿಯುತ್ತದೆ, ಆವಿ ನರಗಳಿಗೆ ವಿಷ.

ಎಂಎಸ್ಸಿ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ:
ತುಂಬಾ ಥ್ಯಾಂಕ್ಸ್ ಸರ್. ಮಂಜಿನ ವಿಷಯ?

ಫಿಸಿಕ್ಸ್ ಮೇಷ್ಟ್ರು, ತುಮಕೂರು:
ನೇರ ಬರುವ ಫೋಟಾನ್ ಉಳಿದಿದ್ದರೆ ತಾನೇ ಗೇಟ್ ಆರಿಸುವುದು! ಬೆಳಕು ಒಮ್ಮೆ ಚೆದುರುವುದಕ್ಕೆ ಸರಾಸರಿ ಎಷ್ಟು ದೂರ ಬೇಕೋ ಅದರ 10 ಪಟ್ಟು ಸಾಗಿದರೆ ಸುಮಾರು 22,000ಕ್ಕೆ ಒಂದು ನೇರ ಉಳಿಯುತ್ತದೆ, 20 ಪಟ್ಟಿಗೆ ಸುಮಾರು 48 ಕೋಟಿಗೆ ಒಂದು. ಡೀಸೆಲ್ ಸ್ಪ್ರೇ ಒಳಗೆ ನೋಡಲು ಇದನ್ನು ಬಳಸಿದ್ದಾರೆ, ಅಲ್ಲಿ ದೂರ ಕಮ್ಮಿ. ಮಂಜಿಗೆ ಬೇರೆ ದಾರಿ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಎಲ್‌ಇಡಿ ಬೆಳಕನ್ನು ಏರಿಳಿಸಿ, ಕ್ಯಾಮೆರಾಗೆ ಬಂದದ್ದನ್ನು ಕಂಪ್ಯೂಟರ್‌ನಲ್ಲಿ ಬಿಡಿಸಿ ಮಂಜಿನಾಚೆ ನೋಡಿದ್ದಾರೆ. ಅದನ್ನೂ ಓದಿಕೊಂಡು ಹೋಗಮ್ಮ.