ಹಳೆಯ ತಲೆಬರಹಗಳನ್ನು ಅಕ್ಷರಶಃ ಪಾಲಿಸಬೇಕಾಗಿದ್ದರೆ ಏನಾಗುತ್ತಿತ್ತು?

ಹಳೇಸಂಚಿಕೆ (ಪ್ರಶ್ನೆ):

ಮಾನ್ಯರೇ, ಹಳೆಯ ಪತ್ರಿಕೆಗಳ ತಪ್ಪು ತಲೆಬರಹಗಳನ್ನು ಕಂಡು ನಗುವುದು ಸುಲಭ. ಆದರೆ ಒಮ್ಮೆ ಅಚ್ಚಾದದ್ದನ್ನು ಲೋಕವು ಪಾಲಿಸಲೇಬೇಕೆಂಬ ಕಟ್ಟಳೆಯಿದ್ದಿದ್ದರೆ ಮುಂದೇನಾಗುತ್ತಿತ್ತೆಂದು ಊಹಿಸುವುದು ಅದಕ್ಕಿಂತ ಸ್ವಾರಸ್ಯದ ಕೆಲಸವೆಂದು ನನಗನ್ನಿಸುತ್ತದೆ. ಮೊದಲ ಉದಾಹರಣೆಯನ್ನು ನಾನೇ ಕೊಡುತ್ತೇನೆ.

1948ರ ನವೆಂಬರ್ 3ರಂದು ‘ಚಿಕಾಗೋ ಡೈಲಿ ಟ್ರಿಬ್ಯೂನ್’ ಪತ್ರಿಕೆಯು ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಡ್ಯೂಯಿ ಅವರು ಟ್ರೂಮನ್ ಅವರನ್ನು ಸೋಲಿಸಿದರೆಂದು ಮುಖಪುಟದಲ್ಲಿ ಸಾರಿತು. ಅಚ್ಚುಮೊಳೆ ಜೋಡಿಸುವವರು ಮುಷ್ಕರ ಹೂಡಿದ್ದರಿಂದ ಪುಟಗಳನ್ನು ಎಂದಿಗಿಂತ ಮುಂಚಿತವಾಗಿ ಮುದ್ರಣಕ್ಕೆ ಕಳಿಸಬೇಕಾಗಿತ್ತು. ಮತ ಎಣಿಕೆಗಾಗಿ ಕಾಯುವಷ್ಟು ವ್ಯವಧಾನವಿರಲಿಲ್ಲ. ಸುಮಾರು 1,50,000 ಪ್ರತಿಗಳು ಹೊರಬಿದ್ದ ಮೇಲೆ ತಿಳಿದದ್ದೇನೆಂದರೆ, ಟ್ರೂಮನ್ 303 ಎಲೆಕ್ಟೋರಲ್ ಮತಗಳನ್ನು (ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಮತಗಳನ್ನು) ಪಡೆದು ಗೆದ್ದಿದ್ದರು, ಡ್ಯೂಯಿಯವರಿಗೆ ಸಿಕ್ಕಿದ್ದು 189.

ನನ್ನ ಊಹೆಯಲ್ಲಿ, ಆ ಪ್ರತಿಯನ್ನು ಕೈಯಲ್ಲಿ ಹಿಡಿದವರಿಗೆಲ್ಲ ಡ್ಯೂಯಿಯವರೇ ಅಧ್ಯಕ್ಷರು, ಉಳಿದವರಿಗೆ ಟ್ರೂಮನ್. ಪಕ್ಕದ ಮನೆಯ ಪತ್ರಿಕೆಯನ್ನು ಎರವಲು ಪಡೆದು ಓದುವುದು ಅಕ್ರಮ ಗಡಿ ದಾಟಿದಂತಾಗುತ್ತದೆ. ಗಂಡ ಮುಖಪುಟವನ್ನೂ ಹೆಂಡತಿ ಕ್ರೀಡಾಪುಟವನ್ನೂ ಹಂಚಿಕೊಂಡು ಓದುವ ಮನೆಯಲ್ಲಿ ಊಟದ ಮೇಜಿನ ನಡುವೆ ಸುಂಕದ ಕಟ್ಟೆ ಏಳುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ಸೇಂಟ್ ಲೂಯಿಸ್ ರೈಲು ನಿಲ್ದಾಣದ್ದು: ಅಲ್ಲಿ ಆ ಪ್ರತಿಯನ್ನು ಎತ್ತಿ ಹಿಡಿದು ನಗುತ್ತ ಛಾಯಾಚಿತ್ರಕ್ಕೆ ನಿಂತ ಟ್ರೂಮನ್, ಆ ಕ್ಷಣದಿಂದ ಡ್ಯೂಯಿಯವರ ಪ್ರಜೆಯಾಗಿಬಿಡುತ್ತಾರೆ.

ನಿಯಮ ಒಂದೇ. ಊಹೆಯು ಅಚ್ಚಾದ ಮಾತಿನಿಂದಲೇ ಹುಟ್ಟಬೇಕು.

ಬೆಳದಿಂಗಳು:

ನಾನು 1835ರ ಆಗಸ್ಟ್‌ಗೆ ಹೋಗುತ್ತೇನೆ. ನ್ಯೂಯಾರ್ಕಿನ ‘ಸನ್’ ಪತ್ರಿಕೆಯು ಖಗೋಳಜ್ಞ ಜಾನ್ ಹರ್ಷೆಲ್ ಅವರ ಹೆಸರಿನಲ್ಲಿ ಚಂದ್ರಲೋಕದ ಶೋಧಗಳನ್ನು ಆರು ಕಂತುಗಳಲ್ಲಿ ಪ್ರಕಟಿಸಿತು. ಎರಡು ಕಾಲಿನ ಮೇಲೆ ನಡೆಯುವ ಬೀವರ್‌ಗಳು, ಒಂಟಿ ಕೊಂಬಿನ ಪ್ರಾಣಿಗಳು, ಬಾವಲಿಯಂಥ ರೆಕ್ಕೆಯ ಮನುಷ್ಯರು ಎಲ್ಲರೂ ಅಲ್ಲಿದ್ದರು. ಆಗ ದಕ್ಷಿಣ ಆಫ್ರಿಕಾದಲ್ಲಿ ನಿಜವಾಗಿಯೂ ಆಕಾಶವೀಕ್ಷಣೆಯಲ್ಲಿ ಮುಳುಗಿದ್ದ ಹರ್ಷೆಲ್ ಅವರಿಗೆ ತಮ್ಮ ಈ ‘ಶೋಧ’ಗಳ ಸುಳಿವೇ ಇರಲಿಲ್ಲ.

ನನಗೆ ಅತ್ಯಂತ ಪ್ರಿಯವಾದ ವಿವರ ಇದು: ರೆಕ್ಕೆಯ ಮನುಷ್ಯರ ಕೆಲವು ವಿನೋದಗಳು ಭೂಲೋಕದ ಮರ್ಯಾದೆಗೆ ಒಗ್ಗುವಂಥವಲ್ಲವೆಂಬ ಸೂಚನೆ ಕೊಟ್ಟು, ಲೇಖನವು ಅದಕ್ಕಿಂತ ಹೆಚ್ಚು ಹೇಳದೆ ಮುಂದಕ್ಕೆ ಸಾಗುತ್ತದೆ. ಅದು ನಿಜವಾಗಿದ್ದರೆ ಮರುವಾರವೇ ಚಂದ್ರನಿಂದ ವಕೀಲರ ನೋಟಿಸು ಬರುತ್ತಿತ್ತು. ಅನುಮತಿಯಿಲ್ಲದೆ ಇಣುಕಿ ನೋಡಿದ್ದು ಮೊದಲ ಅಪರಾಧ. ನೋಡಿದ್ದನ್ನು ಪೂರ್ತಿ ಬರೆಯದೆ, ಓದುಗರು ನಡೆದದ್ದಕ್ಕಿಂತ ಹೆಚ್ಚಿನದನ್ನು ಕಲ್ಪಿಸಿಕೊಳ್ಳುವಂತೆ ಮಾಡಿದ್ದು ಎರಡನೆಯ, ಇನ್ನೂ ಘೋರವಾದ ಅಪರಾಧ. ಒಂದು ಸೆಂಟಿಗೆ ಮಾರುತ್ತಿದ್ದ ಆ ಪತ್ರಿಕೆಯು, ತಮ್ಮ ಬಗ್ಗೆ ಏನು ಬರೆದಿದೆಯೆಂದು ತಿಳಿಯಬಯಸುವ ಚಂದ್ರಲೋಕದ ಚಂದಾದಾರರಿಗೆ ಅದೇ ಒಂದು ಸೆಂಟಿನಲ್ಲಿ 3,84,000 ಕಿಲೋಮೀಟರ್ ದೂರಕ್ಕೆ ಪ್ರತಿ ತಲುಪಿಸಬೇಕಾಗುತ್ತಿತ್ತು.

ಖಾರಪುಡಿ:

ಬೆಳದಿಂಗಳು ಅವರೇ, ಅದು ಬೇಕೆಂದೇ ಕಟ್ಟಿದ ಕಥೆ, ಪತ್ರಿಕೆಯ ತಪ್ಪಲ್ಲ. ಕಟ್ಟಳೆ ಅದಕ್ಕೂ ಅನ್ವಯಿಸುತ್ತದೆಯೇ?

ಹಳೇಸಂಚಿಕೆ:

ಅನ್ವಯಿಸುತ್ತದೆ. ಅಚ್ಚುಮೊಳೆಗೆ ಉದ್ದೇಶ ತಿಳಿಯದು.

ನಿಧಾನಸ್ಥ:

ಒಂದು ವಿನಂತಿ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗಿನವರೆಲ್ಲರೂ ಪಾರಾದರೆಂದು ಕೆಲವು ಪತ್ರಿಕೆಗಳು ಅಚ್ಚು ಹಾಕಿದ್ದವು. ಅದನ್ನು ಇಲ್ಲಿಗೆ ತರುವುದು ಬೇಡ. ಆ ತಲೆಬರಹ ನಿಜವಾಗಿದ್ದರೆ ಎಂದು ಹಾರೈಸಬಹುದೇ ಹೊರತು ನಗಲಾಗುವುದಿಲ್ಲ.

ಅದರ ಬದಲು 1903ರ ಅಕ್ಟೋಬರ್ 9ರ ‘ನ್ಯೂಯಾರ್ಕ್ ಟೈಮ್ಸ್’ ಸಂಪಾದಕೀಯವನ್ನು ತೆಗೆದುಕೊಳ್ಳಿ. ‘ಹಾರದ ಹಾರುಯಂತ್ರಗಳು’ ಎಂಬುದು ಅದರ ಶೀರ್ಷಿಕೆ. ಗಣಿತಜ್ಞರೂ ಯಂತ್ರತಜ್ಞರೂ ಎಡೆಬಿಡದೆ ದುಡಿದರೆ ಹತ್ತು ಲಕ್ಷದಿಂದ ಒಂದು ಕೋಟಿ ವರ್ಷಗಳಲ್ಲಿ ಮನುಷ್ಯ ಹಾರಿಯಾನೆಂಬುದು ಅದರ ಲೆಕ್ಕ. ಅದೇ ವರ್ಷದ ಡಿಸೆಂಬರ್ 17ರಂದು ರೈಟ್ ಸಹೋದರರು 12 ಸೆಕೆಂಡು ಹಾರಿಬಿಟ್ಟರು. ಕಟ್ಟಳೆಯ ಪ್ರಕಾರ ಅದು ಸರದಿ ಮುರಿದ ಅಪರಾಧ. ಆದರೆ ಈ ಲೆಕ್ಕದಿಂದ ಅತಿ ಹೆಚ್ಚು ಲಾಭ ಪಡೆಯುವವರು ಇಂದಿನ ವಿಮಾನ ಕಂಪನಿಗಳು: ವಿಮಾನ ಆರು ಗಂಟೆ ತಡವಾದರೂ, ಅದು ನಿಗದಿಗಿಂತ ಕನಿಷ್ಠ ಒಂಬತ್ತು ಲಕ್ಷ ವರ್ಷ ಮುಂಚಿತವಾಗಿ ಹೊರಟಿದೆಯೆಂದು ಪ್ರಯಾಣಿಕರಿಗೆ ಹೆಮ್ಮೆಯಿಂದ ಪ್ರಕಟಿಸಬಹುದು, ಬೇಗ ಕರೆದೊಯ್ದದ್ದಕ್ಕೆ ಹೆಚ್ಚುವರಿ ಶುಲ್ಕವನ್ನೂ ಕೇಳಬಹುದು.

ಖಾರಪುಡಿ:

ಹಾಗಾದರೆ ಅದೇ ಪತ್ರಿಕೆಯ ಇನ್ನೊಂದು ಪ್ರಸಂಗವನ್ನು ನಾನು ಒಪ್ಪಿಸುತ್ತೇನೆ. 1920ರ ಜನವರಿಯಲ್ಲಿ ಅದರ ಸಂಪಾದಕೀಯವು, ನಿರ್ವಾತದಲ್ಲಿ ಒತ್ತಿ ಮುಂದೆ ಚಿಮ್ಮಲು ಏನೂ ಇಲ್ಲದಿರುವುದರಿಂದ ರಾಕೆಟ್ ಕೆಲಸ ಮಾಡದೆಂದು ಹೇಳಿ, ಪ್ರೌಢಶಾಲೆಯಲ್ಲಿ ಕಲಿಸುವಷ್ಟು ತಿಳಿವಳಿಕೆಯೂ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರಿಗಿಲ್ಲವೆಂದು ಚುಚ್ಚಿತ್ತು. ತಿದ್ದುಪಡಿ ಪ್ರಕಟವಾದದ್ದು 1969ರ ಜುಲೈ 17ರಂದು. ಗೊಡಾರ್ಡ್ ತೀರಿಕೊಂಡು ಆಗಲೇ ಸುಮಾರು 24 ವರ್ಷಗಳಾಗಿದ್ದವು.

ಈಗ ದಿನಾಂಕಗಳನ್ನು ಗಮನಿಸಿ. ಅಪೊಲೊ 11 ನೆಲ ಬಿಟ್ಟದ್ದು ಜುಲೈ 16ರ ಬೆಳಿಗ್ಗೆ. ಅದನ್ನು ಭೂಕಕ್ಷೆಯಿಂದ ಚಂದ್ರನತ್ತ ತಳ್ಳಿದ ಎಂಜಿನ್ ನಿರ್ವಾತದಲ್ಲಿ ಉರಿದದ್ದೂ ಅದೇ ದಿನ, ಅಂದರೆ ಹಳೆಯ ಸಂಪಾದಕೀಯ ಇನ್ನೂ ಜಾರಿಯಲ್ಲಿದ್ದಾಗ. ಕಟ್ಟಳೆಯಂತೆ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರೂ ಆ ರಾತ್ರಿಯೆಲ್ಲ ಭೂಮಿಯನ್ನು ಸುತ್ತುತ್ತಲೇ ಇದ್ದು, ಮರುದಿನ ಪತ್ರಿಕೆ ಅಂಗಡಿಗೆ ಬಂದ ಸುದ್ದಿಯನ್ನು ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರ ಖಚಿತಪಡಿಸಿದ ಮೇಲೆಯೇ ಎಂಜಿನ್ನಿಗೆ ಕೈ ಹಚ್ಚಬೇಕಾಗಿತ್ತು. ಅವರು ಹಾಗೆ ಮಾಡಲಿಲ್ಲ. ಆದ್ದರಿಂದ 16ನೆಯ ತಾರೀಖು ಅವರು ಕ್ರಮಿಸಿದ ದೂರವನ್ನು ಅನಧಿಕೃತವೆಂದು ಘೋಷಿಸಬೇಕೆಂದೂ, ಆ ದಿನದ ಪ್ರಯಾಣಭತ್ಯೆಯನ್ನು 49 ವರ್ಷ ತಡಮಾಡಿದ ಪತ್ರಿಕೆಯಿಂದಲೇ ವಸೂಲು ಮಾಡಬೇಕೆಂದೂ ನಾನು ಸೂಚಿಸುತ್ತೇನೆ.